ಬೆಲ್ಟಿನ ತೂತು, ರಿಪೋರ್ಟಿನ ಸಾಲು

ಅಕ್ಕನಿಗೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಒಬ್ಬಳೇ ಹೋಗಲು ಬೇಜಾರು, ಜೊತೆಗೆ ಬಾ ಅಂದಳು. ಹೋದೆ. ಲ್ಯಾಬಿನ ಕುರ್ಚಿಯಲ್ಲಿ ಸುಮ್ನೆ ಕೂತಿದ್ದವನನ್ನು ನೋಡಿ, "ನೀನೂ ಕೊಟ್ಬಿಡೋ, ಹೇಗೂ ಬೆಳಗ್ಗೆಯಿಂದ ಏನೂ ತಿಂದಿಲ್ವಲ್ಲ" ಅಂದಳು. ನಕ್ಕೆ. ನಮ್ಮಿಬ್ಬರಲ್ಲಿ ದಪ್ಪ ಅಂದರೆ ಅವಳು, ಕಡ್ಡಿ ಅಂದರೆ ನಾನು. ಚಿಕ್ಕಂದಿನಿಂದಲೂ ಹಾಗೇ. ಕೊಲೆಸ್ಟ್ರಾಲ್ ಮಾತು ಬಂದಾಗಲೆಲ್ಲ ಮನೆಯವರ ಕಣ್ಣು ಅವಳ ಕಡೆಗೇ ತಿರುಗುತ್ತಿತ್ತು. ಆದರೂ ಅವಳ ಸಮಾಧಾನಕ್ಕೆ ಅಂತ ತೋಳು ಚಾಚಿದೆ.

ಸಂಜೆ ಎರಡೂ ರಿಪೋರ್ಟು ಬಂದವು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, ಅವಳದ್ದು 92, ನನ್ನದು 268. 'ಒಳ್ಳೆಯ' ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಅವಳದ್ದು 58, ನನ್ನದು 34. ಹೆಸರು ಅದಲುಬದಲಾಗಿರಬೇಕು ಅಂದುಕೊಂಡು ಲ್ಯಾಬಿಗೆ ಫೋನ್ ಮಾಡಿದೆ. ಆಗಿರಲಿಲ್ಲ.

ಅಕ್ಕ ಏನೂ ಅನ್ನಲಿಲ್ಲ. ನಲವತ್ತು ವರ್ಷದಿಂದ "ಸ್ವಲ್ಪ ಕಡಿಮೆ ತಿನ್ನೇ" ಅನ್ನಿಸಿಕೊಂಡವಳು. ಆ ಹಾಳೆಯನ್ನು ಎರಡು ಸಲ ಓದಿದಳು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು.

ಲೆಕ್ಕ ಗೊತ್ತಿಲ್ಲದವರಿಗೆ: ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಅನ್ನುವುದು ಈ ಅಂಕಿ. ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಚೆನ್ನ. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಇಳಿದರೆ ಕಮ್ಮಿ ಅನ್ನುತ್ತಾರೆ. ನನ್ನ ಒಟ್ಟು ಕೊಲೆಸ್ಟ್ರಾಲ್ 196 ಇತ್ತು, ಎಲ್‌ಡಿಎಲ್ 108. ಅಂದರೆ 'ಕೆಟ್ಟದ್ದು' ಅಂತ ಎಲ್ಲರೂ ಬೈಯುವ ಎಲ್‌ಡಿಎಲ್ ಅಂಥಾ ಕೆಟ್ಟದಾಗೇನೂ ಇರಲಿಲ್ಲ. ಹಿಂದಿನ ವರ್ಷಗಳಲ್ಲೂ ನಾನು ಒಟ್ಟು ಕೊಲೆಸ್ಟ್ರಾಲ್ 200 ದಾಟಿದೆಯಾ ಅಂತ ಮಾತ್ರ ನೋಡಿ ಹಾಳೆ ಮುಚ್ಚಿಡುತ್ತಿದ್ದೆ. ಉಳಿದ ಸಾಲುಗಳು ಯಾರದೋ ವಿಷಯ ಅನ್ನುವ ಹಾಗೆ.

ಡಾಕ್ಟರ ಹತ್ತಿರ ಹೋದಾಗ ನಾನು ಮೊದಲು ಹೇಳಿದ್ದು, "ನನ್ನ ತೂಕ ಹತ್ತು ವರ್ಷದಿಂದ 68 ಕೆ.ಜಿ.ಯೇ ಇದೆ ಡಾಕ್ಟ್ರೇ." ಸ್ವಲ್ಪ ಹೆಮ್ಮೆಯಿಂದಲೇ. ಅವರು ರಿಪೋರ್ಟಿನಿಂದ ತಲೆ ಎತ್ತದೆ ಕೇಳಿದರು: "ತೂಕ ಬಿಡಿ. ಪ್ಯಾಂಟ್ ಸೈಜು ಎಷ್ಟಾಗಿದೆ?"

ಮೊದಲು 32. ಆಮೇಲೆ 34. ಈಗ 36, ಅದೂ ಹೊಟ್ಟೆಯ ಕೆಳಗೆ ಜಾರಿಸಿ ಕಟ್ಟಿಕೊಂಡರೆ. ಬೆಲ್ಟಿನಲ್ಲಿ ಹಳೇ ತೂತಿನ ಸುತ್ತ ಚರ್ಮ ಸವೆದು ಬಿಳಿಚಿಕೊಂಡಿತ್ತು. ಅಲ್ಲಿಂದ ಮೂರು ತೂತು ಆಚೆಗೆ ಹೊಸ ಸವೆತ. ಎರಡರ ನಡುವೆ ಹತ್ತು ವರ್ಷ. ತೂಕದ ಮಷೀನು ಒಂದೇ ಅಂಕಿ ತೋರಿಸುತ್ತಾ ಕೂತಿದ್ದಾಗ ಕೈಕಾಲಿನ ಮಾಂಸಖಂಡ ಕರಗಿ, ಅಷ್ಟೇ ತೂಕದ ಕೊಬ್ಬು ನಡುವಿಗೆ ಬಂದು ಸೇರಿತ್ತು. ಬೆಲ್ಟಿಗೆ ಗೊತ್ತಿದ್ದದ್ದು ಮಷೀನಿಗೆ ಗೊತ್ತಿರಲಿಲ್ಲ.

ಡಾಕ್ಟರು ಟೇಪು ಹಿಡಿದರು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯೆ ಅಳೆಯಬೇಕಂತೆ. ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ. ನಾನು ಹೊಟ್ಟೆ ಒಳಗೆಳೆದುಕೊಂಡೆ. "ಬಿಡಿ, ಬಿಡಿ, ಫೋಟೋ ತೆಗೀತಿಲ್ಲ" ಅಂದರು. 97 ಸೆಂಟಿಮೀಟರ್. ಪಿರ್ರೆಯ ಸುತ್ತ 94. ನನ್ನ ಎತ್ತರ 170 ಸೆಂಟಿಮೀಟರ್, ಹಾಗಾಗಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, 23.5. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ ಅದು ನಾರ್ಮಲ್. ಮನೆಗೆ ಬಂದು ಅಕ್ಕನನ್ನೂ ಅಳೆದೆ. ನಡು 84, ಪಿರ್ರೆ 114. ಅವಳ ಬಿಎಂಐ 30 ದಾಟಿತ್ತು. ನಡುವನ್ನು ಪಿರ್ರೆಯಿಂದ ಭಾಗಿಸಿದರೆ ಅವಳದ್ದು 0.74, ನನ್ನದು 1.03. ಗಂಡಸರಿಗೆ 0.90, ಹೆಂಗಸರಿಗೆ 0.85 ದಾಟಬಾರದು ಅನ್ನುತ್ತಾರೆ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಫ್ರಾನ್ಸಿನ ಮಾರ್ಸೇ ಊರಿನ ವೈದ್ಯ ಝಾನ್ ವಾಗ್. 1947ರಲ್ಲಿ. ಕೊಬ್ಬು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ ಅಂದರು. ದೇಹದ ಮೇಲ್ಭಾಗದಲ್ಲಿ ಕೂಡುವ 'ಗಂಡು ಬಗೆಯ' ಬೊಜ್ಜಿನವರಿಗೇ ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ ಹೆಚ್ಚು, ತೊಡೆ-ಪಿರ್ರೆಯಲ್ಲಿ ಕೂಡುವ 'ಹೆಣ್ಣು ಬಗೆ'ಯವರಿಗೆ ಕಡಿಮೆ ಅಂತ ಅವರು ಕಂಡುಕೊಂಡಿದ್ದರು. ಆ ಮಾತು ನಿಧಾನಕ್ಕೆ ಹರಡಿತು. 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಹೃದಯಾಘಾತದ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ ನೋಡಿತು. ಅಲ್ಲೂ ನಡು-ಪಿರ್ರೆಯ ಅನುಪಾತ ಬಿಎಂಐಗಿಂತ ಚೆನ್ನಾಗಿ ಅಪಾಯದ ಸುಳಿವು ಕೊಟ್ಟಿತು. ಬಿಎಂಐ ಲೆಕ್ಕ ಹುಟ್ಟಿದ್ದೇ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞನಿಂದ, 1830ರ ದಶಕದಲ್ಲಿ. ಆತ ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು, ನನ್ನ ನಿಮ್ಮ ಹೃದಯದ ಭವಿಷ್ಯವನ್ನಲ್ಲ.

ಅದೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ತಮ್ಮ ಫೋಟೋವನ್ನೇ ಹಾಕಿಕೊಂಡರು. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಒಬ್ಬರದ್ದು ಶೇ 21.2, ಇನ್ನೊಬ್ಬರದ್ದು ಶೇ 9.1. ಜಾಸ್ತಿ ಯಾರದ್ದು ಅಂತ ಊಹಿಸಿ. ಯಾಜ್ಞಿಕರದ್ದೇ. ಆ ಫೋಟೋ ನೋಡಿದಾಗ ನನಗೊಂದು ಥರಾ ನೆಂಟಸ್ತಿಕೆ ಅನ್ನಿಸಿತು.

ನನ್ನ ಹೊಟ್ಟೆಯ ವಿಚಿತ್ರ ಏನೆಂದರೆ ಚಿವುಟಿದರೆ ಕೈಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಡೊಳ್ಳಿನ ಹಾಗೆ ಬಿಗಿ. 'ಡೊಳ್ಳು ಹೊಟ್ಟೆ' ಅನ್ನುವ ಮಾತು ಮಾಡಿದವರಿಗೆ ಅಂಗರಚನೆ ಗೊತ್ತಿತ್ತೋ ಏನೋ. ಚರ್ಮದ ಕೆಳಗಿನ ಕೊಬ್ಬು ಮೆತ್ತಗೆ, ಹಿಡಿದರೆ ಬೆರಳಿಗೆ ಸಿಗುತ್ತದೆ. ಇನ್ನೊಂದು ಕೊಬ್ಬು ಹೊಟ್ಟೆಯ ಸ್ನಾಯುಗಳ ಒಳಗೆ, ಕರುಳಿನ ಸುತ್ತ ಕೂರುತ್ತದೆ. ಅದು ಒಳಗಿನಿಂದ ಗೋಡೆಯನ್ನು ಹೊರಕ್ಕೆ ದಬ್ಬುತ್ತದೆ. ಅದಕ್ಕೇ ಬಿಗಿ. ಇದನ್ನು ಒಳಗೊಬ್ಬು ಅನ್ನೋಣ.

ಅಕ್ಕನ ತೊಡೆಯ ಕೊಬ್ಬು ಬ್ಯಾಂಕಿನ ಠೇವಣಿ ಇದ್ದ ಹಾಗೆ. ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಊಟದ ನಂತರ ರಕ್ತದಲ್ಲಿ ಓಡಾಡುವ ಕೊಬ್ಬನ್ನು ಹಿಡಿದು, ಒಳಗಿಟ್ಟು, ಬಾಗಿಲು ಹಾಕಿಕೊಳ್ಳುತ್ತದೆ. ಒಳಗೊಬ್ಬು ಹಾಗಲ್ಲ, ಚಾಲ್ತಿ ಖಾತೆ. ಇನ್ಸುಲಿನ್ "ಸಾಕು, ಬಾಗಿಲು ಮುಚ್ಚು" ಅಂದರೂ ಅಷ್ಟಾಗಿ ಕೇಳುವುದಿಲ್ಲ. ಕೊಬ್ಬಿನಾಮ್ಲ ಸೋರುತ್ತಲೇ ಇರುತ್ತದೆ. ಅಲ್ಲಿನ ರಕ್ತ ನೇರ ಹೋಗುವುದು ಲಿವರಿಗೆ. ಕರುಳಿನ ರಕ್ತವೆಲ್ಲ ಮೊದಲು ಲಿವರ್ ಮೂಲಕವೇ ಹಾಯಬೇಕಲ್ಲ, ಆ ದಾರಿಯಲ್ಲಿ.

ಲಿವರಿಗೆ ಬಂದ ಕೊಬ್ಬನ್ನು ಏನಾದರೂ ಮಾಡಲೇಬೇಕು. ಸ್ವಲ್ಪ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಅದು ಫ್ಯಾಟಿ ಲಿವರ್. ಉಳಿದದ್ದನ್ನು ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಅನ್ನುವ ಗಾಡಿಗಳಿಗೆ ತುಂಬಿ ರಕ್ತಕ್ಕೆ ಕಳಿಸುತ್ತದೆ. ನನ್ನ ರಿಪೋರ್ಟಿನ 268 ಅಂದರೆ ಈ ಗಾಡಿಗಳ ಸಾಲು.

ಮುಂದಿನದ್ದು ನನಗೆ ತುಂಬಾ ಇಷ್ಟವಾದ ಭಾಗ. ಎಚ್‌ಡಿಎಲ್, ಎಲ್‌ಡಿಎಲ್ ಕೂಡ ಕೊಲೆಸ್ಟ್ರಾಲ್ ಹೊರುವ ಇಂಥವೇ ಗಾಡಿಗಳು. ರಕ್ತದಲ್ಲಿ ಈ ಗಾಡಿಗಳು ಒಂದಕ್ಕೊಂದು ಸರಕು ಬದಲಾಯಿಸಿಕೊಳ್ಳುತ್ತವೆ. ಟ್ರೈಗ್ಲಿಸರೈಡ್ ತುಂಬಿದ ಗಾಡಿ ಎಚ್‌ಡಿಎಲ್ ಪಕ್ಕ ಬಂದಾಗ ಒಂದಿಷ್ಟು ಟ್ರೈಗ್ಲಿಸರೈಡ್ ಅದಕ್ಕೆ ಕೊಟ್ಟು, ಅದರ ಕೊಲೆಸ್ಟ್ರಾಲ್ ತಾನು ತೆಗೆದುಕೊಳ್ಳುತ್ತದೆ. ಈ ಕೊಡು-ಕೊಳ್ಳು ಮಾಡಿಸಲು ಒಂದು ಪ್ರೋಟೀನೇ ಇದೆ. ಹೀಗೆ ಟ್ರೈಗ್ಲಿಸರೈಡ್ ಹೊತ್ತ ಎಚ್‌ಡಿಎಲ್ ಬೇಗ ಸಣ್ಣದಾಗಿ, ಬೇಗ ರಕ್ತದಿಂದ ಮಾಯವಾಗುತ್ತದೆ. ಟ್ರೈಗ್ಲಿಸರೈಡ್ ಏರಿದಾಗ ಎಚ್‌ಡಿಎಲ್ ಇಳಿಯುವುದಕ್ಕೆ ಇದೂ ಒಂದು ಮುಖ್ಯ ಕಾರಣ. 268 ಮತ್ತು 34 ಎರಡು ಕಾಯಿಲೆಯಲ್ಲ. ಒಂದೇ ವ್ಯಾಪಾರದ ಎರಡು ಬದಿ.

ಎಲ್‌ಡಿಎಲ್‌ಗೂ ಹೀಗೇ ಆಗುತ್ತದೆ, ಅದೂ ಚಿಕ್ಕದಾಗಿ ಗಟ್ಟಿಯಾಗುತ್ತದೆ. ಪ್ರತಿ ಗಾಡಿಯಲ್ಲಿ ಕೊಲೆಸ್ಟ್ರಾಲ್ ಕಮ್ಮಿ, ಆದರೆ ಗಾಡಿಗಳು ಜಾಸ್ತಿ. ರಕ್ತನಾಳದ ಗೋಡೆಗೆ ನುಗ್ಗುವುದು ಗಾಡಿಗಳು. ನಮ್ಮ ರಿಪೋರ್ಟು ಎಣಿಸುವುದು ಒಳಗಿನ ಸರಕನ್ನು. ಹಾಗಾಗಿ 108 ನೋಡಿ ನಾನು ಖುಷಿಪಟ್ಟದ್ದು ಸುಳ್ಳು ಖುಷಿ. ಅಷ್ಟಕ್ಕೂ ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರ ಅಳೆಯುವುದೇ ಇಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯುತ್ತಾರೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಅದು ಕೈಕೊಡುತ್ತದೆ. ನಾನು ನನ್ನ ಹಾಳೆಯಲ್ಲಿ ಪೆನ್ಸಿಲಿನಿಂದ ಹಾಕಿ ನೋಡಿದೆ: 196ರಿಂದ 34, ಆಮೇಲೆ 53.6. ಸರಿಯಾಗಿ 108.4 ಬಂತು. ಡಾಕ್ಟರು ಇನ್ನೂ ಸುಲಭದ ಲೆಕ್ಕ ಹೇಳಿಕೊಟ್ಟರು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ. ಉಳಿದದ್ದೆಲ್ಲ ನಾಳಕ್ಕೆ ನುಗ್ಗಬಲ್ಲ ಗಾಡಿಗಳ ಸರಕು. ನನ್ನದು 162. 130ರ ಒಳಗಿದ್ದರೆ ಒಳ್ಳೆಯದಂತೆ.

ಇಷ್ಟು ಓದಿ ಕೊಬ್ಬೇ ಶತ್ರು ಅನ್ನಿಸಿದರೆ ಅದೂ ತಪ್ಪು. ಅಮೆರಿಕದಲ್ಲಿ 15 ಮಂದಿ ಬೊಜ್ಜಿನ ಹೆಂಗಸರಿಗೆ ಲೈಪೋಸಕ್ಷನ್ ಮಾಡಿ, ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಹೆಚ್ಚುಕಮ್ಮಿ ಹತ್ತು ಹತ್ತು ಕೆ.ಜಿ. ಹೀರಿ ತೆಗೆದರು. 2004ರಲ್ಲಿ ಪ್ರಕಟವಾದ ಅಧ್ಯಯನ. ಹತ್ತು-ಹನ್ನೆರಡು ವಾರ ಬಿಟ್ಟು ನೋಡಿದರೆ ಇನ್ಸುಲಿನ್ ಕೆಲಸವೂ ಸುಧಾರಿಸಿರಲಿಲ್ಲ, ರಕ್ತದ ಕೊಬ್ಬೂ ಬದಲಾಗಿರಲಿಲ್ಲ. ಹತ್ತು ಕೆ.ಜಿ.! ನಡೆದು, ಊಟ ಬದಲಿಸಿ ಅಷ್ಟು ಇಳಿಸಿದ್ದರೆ ರಿಪೋರ್ಟಿನ ಮುಖವೇ ಬೇರೆಯಾಗಿರುತ್ತಿತ್ತು.

ಇದರ ತಿರುಗುಮುರುಗು ಇನ್ನೂ ಸೋಜಿಗ. ಲೈಪೋಡಿಸ್ಟ್ರೋಫಿ ಅನ್ನುವ ಅಪರೂಪದ ಕಾಯಿಲೆಯಲ್ಲಿ ಚರ್ಮದಡಿ ಕೊಬ್ಬು ಶೇಖರಿಸುವ ಜಾಗವೇ ಇರುವುದಿಲ್ಲ. ನೋಡಲು ನರ ಎದ್ದು ಕಾಣುವ ಕಟ್ಟುಮಸ್ತು ದೇಹ. ಆದರೆ ಅವರಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರುತ್ತದೆ, ಲಿವರ್ ತುಂಬಾ ಕೊಬ್ಬು, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಇಡಲು ಕಣಜ ಇಲ್ಲದಿದ್ದರೆ ಧಾನ್ಯ ಅಂಗಳದಲ್ಲೇ ಚೆಲ್ಲಾಡುತ್ತದೆ. ಕಣಜ ದೊಡ್ಡದಿದ್ದವಳು ಅಕ್ಕ. ನನ್ನ ಕಣಜ ಚಿಕ್ಕದು, ಬೇಗ ಭರ್ತಿಯಾಗಿ ಉಕ್ಕಿತು. ಉಕ್ಕಿದ್ದು ಕರುಳಿನ ಸುತ್ತ, ಲಿವರಿನೊಳಗೆ, ಕೊನೆಗೆ ರಿಪೋರ್ಟಿನಲ್ಲಿ. ಇದನ್ನು ಅಕ್ಕನಿಗೆ ಹೇಳಿದರೆ, "ಕಣಜ ಅಂತೀಯಾ ನನ್ನ!" ಅಂತ ದಿಂಬು ಎಸೆದಳು. ಹಾಗಂತ ಅವಳ ತೂಕ ಪುಕ್ಕಟೆ ಅಂತಲ್ಲ. ಅವಳ ಮಂಡಿಗೆ ಅದರ ಲೆಕ್ಕ ಗೊತ್ತು.

ಕಣಜ ಎಷ್ಟು ದೊಡ್ಡದು ಅನ್ನುವುದರಲ್ಲಿ ಹುಟ್ಟಿನ ಪಾಲೂ ಇದೆ. 1990ರಲ್ಲಿ ಕೆನಡಾದ ಕ್ಲೋಡ್ ಬುಶಾರ್ ತಂಡ 12 ಜೋಡಿ ತದ್ರೂಪಿ ಅವಳಿ ಹುಡುಗರಿಗೆ ನೂರು ದಿನದಲ್ಲಿ 84 ದಿನ, ದಿನಕ್ಕೆ 1000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿತು. ಸರಾಸರಿ 8.1 ಕೆ.ಜಿ. ಏರಿದರು. ಆದರೆ ಒಬ್ಬ ಏರಿದ್ದು 4.3, ಇನ್ನೊಬ್ಬ 13.3. ಅದೇ ಹೆಚ್ಚುವರಿ ಊಟ! ಅವಳಿಗಳು ಮಾತ್ರ ಒಬ್ಬರಂತೆ ಒಬ್ಬರು ಏರಿದ್ದರು. ಅದಕ್ಕಿಂತಲೂ ಹೆಚ್ಚಾಗಿ, ಒಳಗೊಬ್ಬು ಎಷ್ಟು ಕೂಡಿತು ಅನ್ನುವುದರಲ್ಲಿ ಜೋಡಿಯೊಳಗೆ ಹೋಲಿಕೆ ಇತ್ತು. ಅಂದರೆ ಹೆಚ್ಚಾದದ್ದನ್ನು ಎಲ್ಲಿ ಇಡಬೇಕು ಅಂತ ದೇಹ ಮೊದಲೇ ಬರೆದುಕೊಂಡು ಬಂದಿರುತ್ತದೆ. ಎಷ್ಟು ಹೆಚ್ಚಾಗುತ್ತದೆ ಅನ್ನುವುದರಲ್ಲಿ ಮಾತ್ರ ನಮ್ಮ ಕೈ ಸ್ವಲ್ಪ ಆಡುತ್ತದೆ.

ನನ್ನ ಕೈ ಎಲ್ಲಿ ಆಡಿತ್ತು ಅಂತ ನೋಡಿಕೊಂಡೆ. ಒಂದು ವಾರ ಸುಮ್ನೆ ಬರೆದಿಟ್ಟೆ. ಕುರ್ಚಿಯಲ್ಲಿ ಕೂತದ್ದು ದಿನಕ್ಕೆ ಹನ್ನೊಂದು ಗಂಟೆ. ನಿದ್ದೆ ಐದೂವರೆ. ಟೀ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ರಾತ್ರಿ ಊಟ ಹತ್ತೂವರೆಗೆ, ಹನ್ನೊಂದೂವರೆಗೆ ಹಾಸಿಗೆ. ನಡೆದದ್ದು ಬಾಗಿಲಿನಿಂದ ಗಾಡಿಯವರೆಗೆ.

ಕೂರುವುದರ ಬಗ್ಗೆ ಹೇಳುವಾಗ ಲಂಡನ್ನಿನ ಬಸ್ಸುಗಳ ಕಥೆ ಹೇಳದೆ ಇರಲಾರೆ. ಜೆರ್ರಿ ಮಾರಿಸ್ ಅನ್ನುವ ವೈದ್ಯ 1953ರಲ್ಲಿ ಒಂದು ವಿಚಿತ್ರ ಬರೆದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಬಸ್ಸು ಒಂದೇ, ಊರೂ ಒಂದೇ. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಡ್ರೈವರುಗಳಿಗೆ ಜಾಸ್ತಿ, ಕಂಡಕ್ಟರುಗಳಿಗೆ ಕಡಿಮೆ. ವ್ಯಾಯಾಮ ಮತ್ತು ಹೃದಯದ ನಂಟನ್ನು ಇಷ್ಟು ಚೆನ್ನಾಗಿ ಮೊದಲು ತೋರಿಸಿದ್ದು ಇದೇ.

ಆದರೆ ಮಾರಿಸ್ ಅಲ್ಲಿಗೆ ಸುಮ್ಮನಾಗಲಿಲ್ಲ. ಡ್ರೈವರಾಗುವವರು ಮೊದಲೇ ದಪ್ಪ ಇದ್ದರೆ? ಹತ್ತಾರು ಸಾವಿರ ಜನರನ್ನು ಟೇಪು ಹಿಡಿದು ಅಳೆಯುವುದು ಹೇಗೆ? ಅವರಿಗೆ ಹೊಳೆದದ್ದು ಯೂನಿಫಾರ್ಮ್. ಕಂಪನಿ ಪ್ರತಿಯೊಬ್ಬರಿಗೂ ಪ್ಯಾಂಟು ಹೊಲಿಸಿ ಕೊಡುತ್ತಿತ್ತು, ಅಳತೆಯ ದಾಖಲೆ ಇತ್ತು. 1956ರಲ್ಲಿ ಆ ಅಳತೆಗಳನ್ನೇ ಲೆಕ್ಕ ಹಾಕಿ ಪ್ರಕಟಿಸಿದರು. ಹೌದು, ಡ್ರೈವರುಗಳ ನಡು ಕಂಡಕ್ಟರುಗಳಿಗಿಂತ ದಪ್ಪ. ತಮ್ಮ ಮಾತಿಗೇ ತಾವು ಹಾಕಿಕೊಂಡ ಪ್ರಶ್ನೆ ಅದು. ಆಮೇಲೆ ಒಂದೇ ಅಳತೆಯ ಪ್ಯಾಂಟಿನವರನ್ನು ಹೋಲಿಸಿ ನೋಡಿದಾಗಲೂ, ತೆಳ್ಳಗಿರಲಿ ದಪ್ಪ ಇರಲಿ, ಕಂಡಕ್ಟರುಗಳಿಗೇ ಹೃದಯಾಘಾತ ಕಡಿಮೆ ಇತ್ತು. ನನ್ನ ಡಾಕ್ಟರು "ಪ್ಯಾಂಟ್ ಸೈಜು ಎಷ್ಟು" ಅಂತ ಕೇಳಿದ್ದಕ್ಕೆ ಇಷ್ಟು ಹಳೆಯ ಮನೆತನ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮೆಟ್ಟಿಲು ಹತ್ತುವುದಕ್ಕೂ ಟ್ರೈಗ್ಲಿಸರೈಡಿಗೂ ಏನು ಸಂಬಂಧ? ಕೆಲಸ ಮಾಡುವ ಮಾಂಸಖಂಡದ ರಕ್ತನಾಳಗಳ ಒಳಗೋಡೆಯಲ್ಲಿ ಒಂದು ಕಿಣ್ವ ಅಂಟಿಕೊಂಡಿರುತ್ತದೆ. ಹಾದುಹೋಗುವ ಗಾಡಿಗಳಿಂದ ಕೊಬ್ಬು ಇಳಿಸಿಕೊಳ್ಳುವ ಹಮಾಲಿ ಅದು. ಕಾಲು ಆಡಿಸಿದರೆ ಹಮಾಲಿ ಚುರುಕು. ಗಂಟೆಗಟ್ಟಲೆ ಕೂತರೆ ಅವನೂ ಕೂರುತ್ತಾನೆ. ಇವತ್ತು ಜೋರಾಗಿ ನಡೆದರೆ ನಾಳೆಯ ಊಟದ ನಂತರದ ಟ್ರೈಗ್ಲಿಸರೈಡ್ ಕೂಡ ಕಮ್ಮಿ ಏರುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ. ಇನ್ನೊಂದು ಸಮಾಧಾನ, ನಿಯಮಿತವಾಗಿ ಮೈ ದಂಡಿಸಿದರೆ ಒಳಗೊಬ್ಬು ಚೆನ್ನಾಗಿಯೇ ಕರಗುತ್ತದೆ. ಸುಲಭವಾಗಿ ಬಂದದ್ದು ಸುಲಭವಾಗಿ ಹೋಗುತ್ತದೆ, ಚಾಲ್ತಿ ಖಾತೆ ಅಲ್ವಾ. ಹೊಟ್ಟೆಗೆ ಅಂತಲೇ ಮಲಗಿ ಏಳುವ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬೇ ಹೋಗುತ್ತದೆ ಅನ್ನುವುದು ಮಾತ್ರ ಸುಳ್ಳು. ಒಂದೇ ಕೈಯಲ್ಲಿ ವರ್ಷಗಟ್ಟಲೆ ಬೀಸಿದ ಟೆನಿಸ್ ಆಟಗಾರರ ಎರಡೂ ತೋಳಿನ ಚರ್ಮದಡಿಯ ಕೊಬ್ಬು ಅಳೆದು ನೋಡಿದ್ದಾರೆ. ಎರಡೂ ಒಂದೇ.

ಸಕ್ಕರೆಯದ್ದು ಬೇರೆ ದಾರಿ. ಅದರ ಅರ್ಧ ಭಾಗ ಫ್ರಕ್ಟೋಸ್, ಅದನ್ನು ಹೆಚ್ಚಾಗಿ ಸಂಭಾಳಿಸುವುದು ಲಿವರ್. ಅಲ್ಲಿ ಹೆಚ್ಚಾದರೆ ಕೊಬ್ಬಾಗುತ್ತದೆ. 2009ರ ಒಂದು ಪ್ರಯೋಗದಲ್ಲಿ ಒಂದು ಗುಂಪಿಗೆ ಗ್ಲೂಕೋಸ್ ಪಾನೀಯ, ಇನ್ನೊಂದಕ್ಕೆ ಫ್ರಕ್ಟೋಸ್ ಪಾನೀಯ, ಹತ್ತು ವಾರ, ದಿನದ ಕ್ಯಾಲರಿಯ ಕಾಲು ಭಾಗ. ಎರಡೂ ಗುಂಪು ಹತ್ತಿರಹತ್ತಿರ ಒಂದೇ ಥರ ತೂಕ ಏರಿದವು. ಒಳಗೊಬ್ಬು ಗಮನಿಸುವಷ್ಟು ಏರಿದ್ದು ಫ್ರಕ್ಟೋಸ್ ಗುಂಪಿಗೆ. ಸ್ವೀಡನ್ನಿನಲ್ಲಿ 2014ರಲ್ಲಿ ಹೀಗೇ ಕೇಕ್ ಪ್ರಯೋಗ ಮಾಡಿದರು. 39 ಮಂದಿ ಏಳು ವಾರ ಹೆಚ್ಚುವರಿ ಮಫಿನ್ ತಿಂದರು. ಕೆಲವರದ್ದು ತಾಳೆ ಎಣ್ಣೆಯದ್ದು, ಕೆಲವರದ್ದು ಸೂರ್ಯಕಾಂತಿ ಎಣ್ಣೆಯದ್ದು. ಎಲ್ಲರ ತೂಕವೂ ಸರಾಸರಿ 1.6 ಕೆ.ಜಿ. ಏರಿತು. ತಾಳೆ ಎಣ್ಣೆಯವರ ಲಿವರ್ ಮತ್ತು ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಸೇರಿತ್ತು. ತೂಕದ ಮಷೀನು ಎರಡೂ ಸಲ ಮೋಸಹೋಯಿತು.

ನಿದ್ದೆಯ ವಿಷಯದಲ್ಲಿ ನಾನು ತೀರಾ ಅಸಡ್ಡೆ ಮಾಡಿದ್ದೆ. ಅಮೆರಿಕದ ಮೇಯೊ ಕ್ಲಿನಿಕ್‌ನ 2022ರ ಪ್ರಯೋಗದಲ್ಲಿ ಆರೋಗ್ಯವಾಗಿದ್ದ 12 ಮಂದಿ ಎರಡು ವಾರ ರಾತ್ರಿ ನಾಲ್ಕು ಗಂಟೆ ಮಲಗಿದರು, ಇನ್ನೊಮ್ಮೆ ಒಂಬತ್ತು ಗಂಟೆ. ನಿದ್ದೆಗೆಟ್ಟಾಗ ದಿನಕ್ಕೆ 300 ಕ್ಯಾಲರಿಗೂ ಹೆಚ್ಚು ತಿಂದರು. ಒಳಗೊಬ್ಬು ಶೇ 11ರಷ್ಟು ಏರಿತು. ತೂಕದಲ್ಲಿ ಹೆಚ್ಚೇನೂ ಕಾಣಲಿಲ್ಲ. ಆಮೇಲೆ ಮೂರು ದಿನ ಚೆನ್ನಾಗಿ ಮಲಗಿಸಿದರೂ ಅದು ಇಳಿಯಲಿಲ್ಲ. ವಾರವಿಡೀ ನಿದ್ದೆಗೆಟ್ಟು ಭಾನುವಾರ ಹನ್ನೊಂದು ಗಂಟೆಯವರೆಗೆ ಮಲಗಿ ಸಾಲ ತೀರಿತು ಅಂದುಕೊಳ್ಳುತ್ತಿದ್ದವನು ನಾನು.

ಸಿಗರೇಟು ನಾನು ಸೇದುವುದಿಲ್ಲ. ಅದು ಎಚ್‌ಡಿಎಲ್ ಇಳಿಸುತ್ತದೆ, ತೆಳ್ಳಗಿನವರಲ್ಲೂ ನಡು ಬೆಳೆಸುತ್ತದೆ. ಕುಡಿತ ಟ್ರೈಗ್ಲಿಸರೈಡ್ ಏರಿಸುತ್ತದೆ. ಎಚ್‌ಡಿಎಲ್ಲನ್ನೂ ಏರಿಸುತ್ತದೆ ನಿಜ, ಆ ನೆಪ ಹಿಡಿದು ಕುಡಿಯುವವರನ್ನು ನೋಡಿದ್ದೇನೆ. ಆ ಏರಿಕೆಯಿಂದ ಹೃದಯಕ್ಕೆ ಲಾಭ ಅಂತ ನಂಬಲು ಆಧಾರ ಇಲ್ಲ. ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿದ ಪ್ರಯೋಗಗಳೂ ನಿರಾಸೆಯನ್ನೇ ತಂದವು.

ನಾನು ದೊಡ್ಡದೇನೂ ಮಾಡಲಿಲ್ಲ. ಊಟದ ನಂತರ ಇಪ್ಪತ್ತು ನಿಮಿಷ ನಡಿಗೆ, ಮೊದಲ ವಾರ ಶಾಪ ಹಾಕುತ್ತಾ. ಟೀ ಮೂರಕ್ಕಿಳಿಯಿತು, ಸಕ್ಕರೆ ಅರ್ಧ ಚಮಚಕ್ಕೆ. ರಾತ್ರಿ ಊಟ ಎಂಟಕ್ಕೆ, ಇದು ತುಂಬಾ ಕಷ್ಟವಾಯಿತು. ವಾರಕ್ಕೆ ಮೂರು ದಿನ ಭಾರ ಎತ್ತಿದೆ. ಆರು ತಿಂಗಳ ಮೇಲೆ ಮತ್ತೆ ಅದೇ ಲ್ಯಾಬು. ನನ್ನ ಪ್ರಶ್ನೆಗಳ ಕಾಟ ತಡೆಯಲಾರದೆ ಅಲ್ಲಿನ ಹುಡುಗ, "ಬನ್ನಿ ಸರ್, ತೋರಿಸ್ತೀನಿ" ಅಂತ ಮಷೀನಿನಲ್ಲಿ ಗರಗರ ತಿರುಗಿಸಿ ತೆಗೆದ ಎರಡು ರಕ್ತದ ಟ್ಯೂಬು ಬೆಳಕಿಗೆ ಹಿಡಿದ. ಹೆಸರು ಕಾಣದಂತೆ ಬೆರಳಿಟ್ಟುಕೊಂಡು. ಒಂದರಲ್ಲಿ ಕೆಳಗೆ ಕೆಂಪು, ಮೇಲೆ ತಿಳಿಯಾದ ಒಣಹುಲ್ಲಿನ ಬಣ್ಣದ ನೀರು. ಇನ್ನೊಂದರಲ್ಲಿ ಮೇಲಿನ ಭಾಗ ಹಾಲಿನಂತೆ ಬೆಳ್ಳಗೆ, ಆ ಕಡೆಯ ಬೆಳಕೇ ಕಾಣದಷ್ಟು. ಹಾಲು ಬೆರೆಸಿದ್ದಾರೇನೋ ಅನ್ನಬೇಕು. "ಇದು ಟ್ರೈಗ್ಲಿಸರೈಡ್ ಸರ್, ಅಳೆಯೋದೇ ಬೇಡ, ಕಣ್ಣಿಗೇ ಕಾಣುತ್ತೆ." ನನ್ನದು ಯಾವುದು ಅಂತ ಕೇಳಲು ಧೈರ್ಯ ಬರಲಿಲ್ಲ. ಎರಡೂ ಅಲ್ಲವಂತೆ, ಅವನೇ ಹೇಳಿದ.

ಟ್ರೈಗ್ಲಿಸರೈಡ್ 161. ಎಚ್‌ಡಿಎಲ್ 38. ತೂಕ ಇಳಿದದ್ದು ಬರೀ ಮೂರು ಕೆ.ಜಿ., ನಡು ಇಳಿದದ್ದು ಏಳು ಸೆಂಟಿಮೀಟರ್. ಎಲ್‌ಡಿಎಲ್ ಮಾತ್ರ 111, ಅಂದರೆ ಇದ್ದಲ್ಲೇ. ಅದು ಬೇರೆ ಜಾತಿ. ಬೆಣ್ಣೆ, ತುಪ್ಪದಂಥ ಗಟ್ಟಿ ಕೊಬ್ಬು ಕಮ್ಮಿ ಮಾಡಿದರೆ, ನಾರು ಜಾಸ್ತಿ ತಿಂದರೆ ಒಂದಿಷ್ಟು ಬಗ್ಗುತ್ತದೆ. ನಡುವಿನ ಟೇಪಿಗೆ ಅಷ್ಟಾಗಿ ಹೆದರುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಅದು ಹುಟ್ಟಿನಿಂದಲೇ ವಿಪರೀತ ಏರಿರುತ್ತದೆ, ಎಷ್ಟೇ ತೆಳ್ಳಗಿದ್ದರೂ, ಎಷ್ಟೇ ಓಡಿದರೂ. ಲಿವರಿನ ಬಾಗಿಲಲ್ಲಿ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಕೊಂಡಿಗಳು ಕಮ್ಮಿ ಇರುವುದು ಕಾರಣ. ಆ ಕೊಂಡಿ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅಂಥವರಿಗೆ "ವಾಕಿಂಗ್ ಮಾಡಿ, ಸರಿಹೋಗುತ್ತೆ" ಅಂತ ಬುದ್ಧಿ ಹೇಳುವುದು ಅನ್ಯಾಯ. ಅವರಿಗೆ ಮಾತ್ರೆ ಬೇಕು, ಅದರಲ್ಲಿ ಸೋಲೇನೂ ಇಲ್ಲ.

ಇದೆಲ್ಲ ಆಗಿ ಎರಡು ವರ್ಷ. ಹೋದ ತಿಂಗಳು ಅಕ್ಕನ ಫೋನು. ಅವಳಿಗೆ ಮುಟ್ಟು ನಿಂತು ವರ್ಷದ ಮೇಲಾಗಿದೆ. "ಊಟ ಅದೇ, ಕೆಲಸ ಅದೇ ಕಣೋ. ತೊಡೆ ಸಣ್ಣ ಆಗಿದೆ, ಹೊಟ್ಟೆ ಬಂದಿದೆ. ಯಾರೋ ಸಾಮಾನು ಎತ್ತಿ ಬೇರೆ ರೂಮಿಗೆ ಇಟ್ಟ ಹಾಗಿದೆ" ಅಂದಳು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಕೊಬ್ಬನ್ನು ತೊಡೆಯ ಕಡೆಗೆ ಕಳಿಸುತ್ತಿದ್ದದ್ದು ಈಸ್ಟ್ರೊಜನ್ ಅನ್ನುವ ಹೆಣ್ಣು ಹಾರ್ಮೋನು. ಅದು ಇಳಿದಾಗ ಹಂಚಿಕೆ ಬದಲಾಗುತ್ತದೆ, ಎಲ್‌ಡಿಎಲ್ ಕೂಡ ಏರುತ್ತದೆ. ಅವಳ ಹೊಸ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 148, ಎಚ್‌ಡಿಎಲ್ 51.

"ನಿನ್ನ ಟೇಪು ತಗೊಂಡು ಬಾ" ಅಂದಳು. ಹೋದೆ. ಪಕ್ಕೆಲುಬಿನ ಕೊನೆ ಹುಡುಕಿ, ಸೊಂಟದ ಮೂಳೆ ಹುಡುಕಿ, ನಡುವೆ ಟೇಪು ಸುತ್ತಿದೆ. ಹಿಂದಿನ 84 ಈಗ 91. ಅವಳು ಆ ಅಂಕಿಯನ್ನು ಹಳೇ ರಿಪೋರ್ಟಿನ ಹಿಂಬದಿಗೆ ಬರೆದಳು. ಆ ನಾಲ್ಕು ಮಡಿಕೆಯ ಹಾಳೆ ಇನ್ನೂ ಇಟ್ಟುಕೊಂಡಿದ್ದಾಳೆ. ಆಮೇಲೆ ಟೇಪು ಕಿತ್ತುಕೊಂಡು, "ಈಗ ನೀನು ನಿಂತ್ಕೋ" ಅಂದಳು.

ನಿಂತೆ. ಎರಡು ವರ್ಷದಲ್ಲಿ ಮತ್ತೆ ಎಷ್ಟಾಗಿದೆಯೋ ಗೊತ್ತಿರಲಿಲ್ಲ. ಆಫೀಸಿನಲ್ಲಿ ಕೆಲಸ ಹೆಚ್ಚಾದ ಮೇಲೆ ರಾತ್ರಿ ಊಟ ನಿಧಾನಕ್ಕೆ ಒಂಬತ್ತೂವರೆಗೆ ಜಾರಿತ್ತು.

"ಉಸಿರು ಬಿಡೋ."

"ಬಿಟ್ಟಿದೀನಿ ಅಕ್ಕಾ."

"ಇಲ್ಲ. ಹೊಟ್ಟೆ ಒಳಗೆ ಎಳ್ಕೊಂಡಿದೀಯ. ಬಿಡು."